ಮನಸ್ಸನ್ನು ಓದಲು ಎಷ್ಟು ಕ್ರೆಡಿಟ್ ಬೇಕು?

ಪ್ರತಿಯೊಂದು ಪದವಿಗೂ ಷರತ್ತುಗಳ ಒಂದು ಪಟ್ಟಿ ಇರುತ್ತದೆ. ಇಷ್ಟು ವರ್ಷ ಓದಬೇಕು, ಇಷ್ಟು ಪತ್ರಿಕೆಗಳಲ್ಲಿ ಉತ್ತೀರ್ಣರಾಗಬೇಕು, ಇಷ್ಟು ಹಾಜರಾತಿ ಇರಬೇಕು, ಪ್ರಾಕ್ಟಿಕಲ್ ರೆಕಾರ್ಡ್ ಒಪ್ಪಿಸಬೇಕು. ಎಲ್ಲವೂ ಮುಗಿದ ದಿನ ವಿಶ್ವವಿದ್ಯಾಲಯವು ಪದವಿ ಪೂರ್ಣಗೊಂಡಿದೆ ಎಂದು ಮುದ್ರೆ ಒತ್ತಿ ಕೊಡುತ್ತದೆ. ವಾಣಿಜ್ಯದ ಪದವಿಯಲ್ಲೋ ಗಣಿತದ ಪದವಿಯಲ್ಲೋ ಈ ಮಾತು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಆದರೆ ಮನಃಶಾಸ್ತ್ರದ ಪದವಿಯ ಮಾತು ಬಂದಾಗ ಒಂದು ಪ್ರಶ್ನೆ ಏಳುತ್ತದೆ. ಇಲ್ಲಿ ಪೂರ್ಣವಾದದ್ದು ಏನು? ಮನುಷ್ಯನ ಮನಸ್ಸಿನ ಬಗ್ಗೆ ಓದಿದವನು ಮನುಷ್ಯನ ಮುಂದೆ ಕುಳಿತುಕೊಳ್ಳಲು ಯೋಗ್ಯನಾಗಿದ್ದಾನೆಯೇ? ಯೋಗ್ಯತೆಯನ್ನು ಅಳೆಯುವ ಹಕ್ಕು ಯಾರದು?

ಇದು ಕೇವಲ ಪಠ್ಯಕ್ರಮದ ಸಮಸ್ಯೆಯಲ್ಲ. ಷರತ್ತುಗಳ ಪಟ್ಟಿ ಎಂಬುದು ನಿಜದಲ್ಲಿ ಎರಡು ವಾಗ್ದಾನಗಳು. ಒಂದು, ವಿದ್ಯಾರ್ಥಿಗೆ ಕೊಟ್ಟದ್ದು: ಇಷ್ಟನ್ನು ಮಾಡು, ಇದಕ್ಕಿಂತ ಹೆಚ್ಚನ್ನು ಕೇಳುವುದಿಲ್ಲ. ಇನ್ನೊಂದು, ಸಮಾಜಕ್ಕೆ ಕೊಟ್ಟದ್ದು: ಈ ಕಾಗದ ಹಿಡಿದು ಬಂದವನಿಗೆ ಇಷ್ಟು ತಿಳಿದಿದೆ, ಅವನನ್ನು ಇಷ್ಟರ ಮಟ್ಟಿಗೆ ನಂಬಬಹುದು. ಮೊದಲ ವಾಗ್ದಾನವನ್ನು ಲೆಕ್ಕದಲ್ಲಿ ತೀರಿಸಬಹುದು. ಎರಡನೆಯದನ್ನು ಲೆಕ್ಕದಲ್ಲಿ ತೀರಿಸಲಾಗದು. ನಮ್ಮ ಗೊಂದಲಗಳೆಲ್ಲ ಹುಟ್ಟುವುದು ಇಲ್ಲಿಯೇ.

ಲೆಕ್ಕದ ಕಡೆ

ಮೊದಲು ಲೆಕ್ಕವನ್ನೇ ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್. ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಾಕ್ಟಿಕಲ್, ಹೀಗೆ 15 ವಾರ ನಡೆದರೆ ಒಂದು ಕ್ರೆಡಿಟ್. ನಮ್ಮ ರಾಜ್ಯವು ಹೊಸ ಶಿಕ್ಷಣ ನೀತಿಯಂತೆ 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದಿತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಹಾಗಾದರೆ ಮನಃಶಾಸ್ತ್ರದ ಪದವೀಧರನಾಗಲು ನಿಜವಾಗಿ ಎಷ್ಟು ವರ್ಷ ಬೇಕು ಎಂದು ಕೇಳಿದರೆ, ಯಾವ ವರ್ಷ ಕಾಲೇಜಿಗೆ ಸೇರಿದಿರಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಸರಕಾರದ ಆದೇಶದಿಂದ ಹಿಗ್ಗುವ, ಕುಗ್ಗುವ ಈ ಅಳತೆ ಆಡಳಿತದ ಅನುಕೂಲಕ್ಕೆ ಅಗತ್ಯ. ಆದರೆ ಅದು ಜ್ಞಾನದ ಅಳತೆಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಟ್ಟಿಯೊಳಗೆ ಏನಿರುತ್ತದೆ? ಸಾಮಾನ್ಯವಾಗಿ ಮನಃಶಾಸ್ತ್ರದ ಪರಿಚಯ, ಮಿದುಳು ಮತ್ತು ನರಮಂಡಲ, ಮಗುವಿನಿಂದ ಮುಪ್ಪಿನವರೆಗಿನ ಬೆಳವಣಿಗೆ, ಸಾಮಾಜಿಕ ಮನಃಶಾಸ್ತ್ರ, ವ್ಯಕ್ತಿತ್ವ, ಮಾನಸಿಕ ಅಸ್ವಸ್ಥತೆಗಳು, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ. ಜೊತೆಗೆ ಪ್ರತಿ ಸೆಮಿಸ್ಟರಿನಲ್ಲೂ ಪ್ರಾಕ್ಟಿಕಲ್. ಈ ವಿಷಯವನ್ನು ಆರಿಸಿಕೊಂಡು ಬರುವ ಹುಡುಗ ಹುಡುಗಿಯರಲ್ಲಿ ಅನೇಕರು ಮನುಷ್ಯರನ್ನು ಅರಿಯುವ ಆಸೆಯಿಂದ ಬಂದವರು. ಕೆಲವರು ಮನೆಯ ಯಾವುದೋ ನೋವಿನ ಅರ್ಥ ಹುಡುಕುತ್ತಾ ಬಂದವರು. ಅವರಿಗೆ ಮೊದಲು ಎದುರಾಗುವುದು ಸರಾಸರಿ, ವಿಚಲನೆ, ಸಹಸಂಬಂಧಗಳ ಲೆಕ್ಕ. 'ನಾವು ಬಂದದ್ದು ಮನಸ್ಸನ್ನು ಓದಲು, ಈ ಅಂಕಿಗಳೇಕೆ?' ಎಂದು ಅವರು ಗೊಣಗುವುದು ಸಹಜ.

ಆದರೆ ಈ ಲೆಕ್ಕಕ್ಕೂ ಒಂದು ನೈತಿಕ ಅರ್ಥವಿದೆ ಎಂದು ನಮಗೆ ತೋರುತ್ತದೆ. ಅದನ್ನು ಅರಿಯಲು ಪ್ರಾಕ್ಟಿಕಲ್ ಕೋಣೆಯ ಒಂದು ಹಳೆಯ ಪ್ರಯೋಗ ಸಾಕು. ಜರ್ಮನಿಯ ಮುಲ್ಲರ್-ಲೈಯರ್ 1889ರಲ್ಲಿ ವಿವರಿಸಿದ ಭ್ರಮೆ ಅದು. ಒಂದೇ ಉದ್ದದ ಎರಡು ಗೆರೆಗಳು. ಒಂದರ ತುದಿಗಳಲ್ಲಿ ಬಾಣದ ರೆಕ್ಕೆಗಳು ಒಳಮುಖವಾಗಿವೆ, ಇನ್ನೊಂದರಲ್ಲಿ ಹೊರಮುಖವಾಗಿವೆ. ರೆಕ್ಕೆ ಹೊರಗೆ ಚಾಚಿದ ಗೆರೆ ಉದ್ದವಾಗಿ ಕಾಣುತ್ತದೆ. ಸ್ಕೇಲ್ ಇಟ್ಟು ಅಳೆದರೆ ಎರಡೂ ಸಮ. ವಿಚಿತ್ರವೆಂದರೆ, ಅಳೆದು ತಿಳಿದ ಮೇಲೂ ಕಣ್ಣಿಗೆ ಅವು ಸಮವಾಗಿ ಕಾಣುವುದಿಲ್ಲ. ತಿಳಿವು ಬಂದ ಮಾತ್ರಕ್ಕೆ ನೋಟ ಬದಲಾಗುವುದಿಲ್ಲ.

ಬದುಕಿನಲ್ಲಿಯೂ ಹೀಗೆಯೇ ಅಲ್ಲವೇ? ಮನುಷ್ಯರೆಲ್ಲ ಸಮಾನರು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಆದರೂ ಹೆಸರು ಕೇಳಿದೊಡನೆ, ಉಡುಪು ಕಂಡೊಡನೆ, ಕೇರಿ ಯಾವುದೆಂದು ತಿಳಿದೊಡನೆ ಒಂದು ಗೆರೆ ಉದ್ದವಾಗಿ, ಇನ್ನೊಂದು ಗಿಡ್ಡವಾಗಿ ಕಾಣತೊಡಗುತ್ತದೆ. ನಮ್ಮ ಕಣ್ಣನ್ನು ನಾವೇ ನಂಬದೆ ಸ್ಕೇಲ್ ಕೈಗೆತ್ತಿಕೊಳ್ಳುವ ಅಭ್ಯಾಸವೇ ಅದಕ್ಕೆ ಮದ್ದು. ಸಂಖ್ಯಾಶಾಸ್ತ್ರವೆಂದರೆ ಆ ಸ್ಕೇಲು. 'ಆ ಜನರೇ ಹೀಗೆ' ಎಂದು ಯಾರಾದರೂ ಹೇಳಿದಾಗ, 'ಎಷ್ಟು ಜನರನ್ನು ನೋಡಿದ್ದೀರಿ? ಹೇಗೆ ಆರಿಸಿದಿರಿ? ಉಳಿದವರ ಜೊತೆ ಹೋಲಿಸಿದಿರಾ?' ಎಂದು ಕೇಳುವ ಧೈರ್ಯವನ್ನು ಅದು ಕೊಡುತ್ತದೆ. ಇಂದಿನ ದಿನಗಳಲ್ಲಿ ಇದು ಸಣ್ಣ ಧೈರ್ಯವಲ್ಲ. ಆದ್ದರಿಂದ ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಪಟ್ಟಿಯಿಂದ ತೆಗೆಯಬೇಕೆಂದು ನಾವು ಹೇಳಲಾರೆವು. ಅದನ್ನು ಸೂತ್ರಗಳ ಬಾಯಿಪಾಠವಾಗಿ ಮುಗಿಸಿ, ಅದರೊಳಗಿನ ನ್ಯಾಯದ ಪಾಠವನ್ನು ಕಲಿಸದೆ ಬಿಡುವುದೇ ನಮ್ಮ ತಕರಾರು.

ರೆಕಾರ್ಡ್ ಪುಸ್ತಕದ ಸತ್ಯ

ಪ್ರಾಕ್ಟಿಕಲ್ ಎಂದರೆ ರೆಕಾರ್ಡ್ ಪುಸ್ತಕ. ಉದ್ದೇಶ, ಸಲಕರಣೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಕ್ರಮದಲ್ಲಿ ಅದು ತುಂಬಬೇಕು. ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಪ್ರಯೋಗವಾದರೆ, ಪ್ರತಿ ಸಲವೂ ತಗಲಿದ ಸಮಯವನ್ನೂ ಆದ ತಪ್ಪುಗಳನ್ನೂ ಬರೆಯಬೇಕು. ಸಲದಿಂದ ಸಲಕ್ಕೆ ತಪ್ಪು ಕಡಿಮೆಯಾಗಬೇಕೆಂದು ಪುಸ್ತಕ ಹೇಳುತ್ತದೆ. ಎದುರಿಗೆ ಕುಳಿತ ಗೆಳತಿಯ ಕೈಯಲ್ಲಿ ತಪ್ಪು ಹೆಚ್ಚಾದರೆ? ಕಂಡದ್ದನ್ನು ಕಂಡಂತೆ ಬರೆಯುವುದು ಒಂದು ದಾರಿ. ಬರಬೇಕಾದ ಅಂಕಿಯನ್ನು ಬರೆಯುವುದು ಇನ್ನೊಂದು ದಾರಿ. ಹಿಂದಿನ ವರ್ಷದವರ ರೆಕಾರ್ಡನ್ನು ನಕಲು ಮಾಡುವುದು ಮೂರನೆಯ ದಾರಿ. ಈ ಮೂರನೆಯ ದಾರಿ ನಮ್ಮ ಕಾಲೇಜುಗಳಲ್ಲಿ ಯಾರಿಗೂ ಅಪರಿಚಿತವಲ್ಲ. ಇದನ್ನು ಯಾರೂ ದೊಡ್ಡ ಪಾಪವೆಂದು ಎಣಿಸುವುದಿಲ್ಲ. ಹಾಳೆ ತುಂಬಿದೆಯೇ, ಸಹಿ ಬಿದ್ದಿದೆಯೇ, ಅಷ್ಟು ಸಾಕು.

ಆದರೆ ದೊಡ್ಡವರ ಲೋಕದಲ್ಲಿ ಇದೇ ಬೀಜ ಏನಾಗಿ ಬೆಳೆಯುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ನೆದರ್ಲೆಂಡ್ಸಿನ ಟಿಲ್ಬರ್ಗ್ ವಿಶ್ವವಿದ್ಯಾಲಯದ ಹೆಸರಾಂತ ಸಾಮಾಜಿಕ ಮನಃಶಾಸ್ತ್ರಜ್ಞ ಡೀಡೆರಿಕ್ ಸ್ಟಾಪಲ್ ತನ್ನ ಅಧ್ಯಯನಗಳ ಅಂಕಿ ಅಂಶಗಳನ್ನು ತಾನೇ ಸೃಷ್ಟಿಸಿದ್ದು 2011ರಲ್ಲಿ ಬಯಲಾಯಿತು. ಆತನ ಐವತ್ತಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಇದು ವಂಚನೆಯ ಮಾತಾಯಿತು. ವಂಚನೆ ಇಲ್ಲದ ಕಡೆಯೂ ಸ್ಥಿತಿ ಸಮಾಧಾನಕರವಾಗಿರಲಿಲ್ಲ. ಮನಃಶಾಸ್ತ್ರದ ಪ್ರಮುಖ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ಸಂಶೋಧಕರ ದೊಡ್ಡ ತಂಡವೊಂದು ಮತ್ತೆ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ಅರ್ಥಪೂರ್ಣ ಫಲಿತಾಂಶ ತೋರಿಸಿದ್ದವು. ಮರುಪ್ರಯೋಗದಲ್ಲಿ ಅದು ಶೇ. 36ಕ್ಕೆ ಇಳಿಯಿತು. ಬರಬೇಕಾದ ಉತ್ತರವೇ ಬರಲಿ ಎಂಬ ಆಸೆ, ಬೇಗ ಪ್ರಕಟಿಸಬೇಕೆಂಬ ಒತ್ತಡ, ಬಾರದ ಫಲಿತಾಂಶವನ್ನು ಪೆಟ್ಟಿಗೆಯಲ್ಲಿಡುವ ರೂಢಿ, ಎಲ್ಲವೂ ಸೇರಿದಾಗ ಹೀಗಾಗುತ್ತದೆ.

ಹಾಗಿದ್ದರೂ ಈ ಲೆಕ್ಕವನ್ನು ಹೊರಗೆ ತಂದವರು ಮನಃಶಾಸ್ತ್ರಜ್ಞರೇ ಎಂಬುದನ್ನು ಮರೆಯಬಾರದು. ತನ್ನ ಮನೆಯ ಧೂಳನ್ನು ತಾನೇ ಗುಡಿಸಿ ಬೀದಿಗೆ ತೋರಿಸುವ ಶಾಸ್ತ್ರಕ್ಕೆ ಮರ್ಯಾದೆ ಕಡಿಮೆಯಾಗುವುದಿಲ್ಲ. ಪದವಿಯ ಮಟ್ಟದಲ್ಲಿಯೂ ಅದೇ ಮರ್ಯಾದೆ ಬರಬೇಕಾದರೆ, 'ಫಲಿತಾಂಶ ನಿರೀಕ್ಷೆಯಂತೆ ಬರಲಿಲ್ಲ' ಎಂದು ಬರೆದ ವಿದ್ಯಾರ್ಥಿನಿಗೆ ಪೂರ್ತಿ ಅಂಕ ಕೊಡುವ ಅಧ್ಯಾಪಕರು ಬೇಕು. ಸುಳ್ಳು ಬರೆದರೆ ಅಂಕ, ನಿಜ ಬರೆದರೆ ಮತ್ತೆ ಮಾಡು ಎಂಬ ಶಿಕ್ಷೆ ಇರುವಲ್ಲಿ ಮಕ್ಕಳನ್ನು ಮಾತ್ರ ದೂಷಿಸಿ ಪ್ರಯೋಜನವಿಲ್ಲ.

ಎದುರಿಗೆ ಕುಳಿತವರು ಯಾರು?

ಇನ್ನೊಂದು ಷರತ್ತು ಇದಕ್ಕಿಂತ ಸೂಕ್ಷ್ಮವಾದದ್ದು. ಮನಃಶಾಸ್ತ್ರದ ಪ್ರಯೋಗಕ್ಕೆ ಕಪ್ಪೆಯೋ ರಾಸಾಯನಿಕವೋ ಸಾಲದು, ಮನುಷ್ಯ ಬೇಕು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಅಧ್ಯಾಪಕರ ಸಂಶೋಧನೆಗೆ ಸ್ವತಃ ಒಳಗಾಗಬೇಕೆಂಬ ನಿಯಮ ಬಹುಕಾಲದಿಂದ ಇದೆ. ಅಂಕಕ್ಕಾಗಿ ಒಪ್ಪಿಕೊಂಡದ್ದು ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು. ಆದ್ದರಿಂದ ಅಮೆರಿಕನ್ ಮನಃಶಾಸ್ತ್ರೀಯ ಸಂಘದ ನೀತಿಸಂಹಿತೆಯು, ಇಂಥ ಕಡೆ ಬೇಡವೆಂದವರಿಗೆ ಸಮಾನವಾದ ಬೇರೊಂದು ಕೆಲಸದ ಆಯ್ಕೆ ಇರಲೇಬೇಕು ಎನ್ನುತ್ತದೆ.

ನಮ್ಮಲ್ಲಿ ಪ್ರಶ್ನೆಯ ರೂಪ ಬೇರೆ. ಬುದ್ಧಿಶಕ್ತಿಯ ಪರೀಕ್ಷೆ, ವ್ಯಕ್ತಿತ್ವದ ಪ್ರಶ್ನಾವಳಿ, ಆತಂಕದ ಅಳತೆ ಇವನ್ನೆಲ್ಲ ವಿದ್ಯಾರ್ಥಿಗಳು ಸಹಪಾಠಿಗಳ ಮೇಲೆ, ತಮ್ಮ ತಂಗಿಯರ ಮೇಲೆ, ನೆರೆಮನೆಯವರ ಮೇಲೆ ನಡೆಸುತ್ತಾರೆ. ಗೆಳತಿಯ ಆತಂಕದ ಅಂಕ ಎಷ್ಟೆಂದು ಇಡೀ ತರಗತಿಗೆ ತಿಳಿಯುತ್ತದೆ. ತಂಗಿಯ ಬುದ್ಧಿಸೂಚ್ಯಂಕ ಊಟದ ಹೊತ್ತಿನ ತಮಾಷೆಯಾಗುತ್ತದೆ. ಇನ್ನು ಕೇಸ್ ಸ್ಟಡಿ ಬರೆಯಲೆಂದು ವೃದ್ಧಾಶ್ರಮಕ್ಕೋ ವಿಶೇಷ ಮಕ್ಕಳ ಶಾಲೆಗೋ ಹೋಗುವುದುಂಟು. ಬಸ್ಸಿನಲ್ಲಿ ಬಂದಿಳಿದ ಮೂವತ್ತು ಮಂದಿ ಒಂದೊಂದು ಹಾಸಿಗೆಯ ಬಳಿ ನಿಂತು, 'ಅಜ್ಜಿ, ನಿಮ್ಮ ಮಕ್ಕಳು ನಿಮ್ಮನ್ನು ನೋಡಲು ಬರುತ್ತಾರಾ?' ಎಂದು ಕೇಳುತ್ತಾರೆ. ಅಜ್ಜಿ ಅಳುತ್ತಾ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಬಸ್ಸು ಹೊರಡುತ್ತದೆ. ವಿದ್ಯಾರ್ಥಿಯ ಷರತ್ತು ಪೂರೈಸಿತು. ಅಜ್ಜಿಯ ಪಾಲಿಗೆ ಉಳಿದದ್ದೇನು? ಕೆದಕಿದ ಗಾಯ ಮಾತ್ರ.

ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದು, ಅವನು ಸ್ವತಃ ಒಂದು ಗುರಿ ಎಂದು ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿಯೇ ವಾದಿಸಿದ್ದರು. ಈ ತತ್ವವನ್ನು ನೀತಿಶಾಸ್ತ್ರದ ಪತ್ರಿಕೆಯಲ್ಲಿ ಐದು ಅಂಕಕ್ಕೆ ಬರೆಯುವುದು ಸುಲಭ. ಕೇಸ್ ಸ್ಟಡಿಯ ದಿನ ನೆನಪಿಡುವುದು ಕಷ್ಟ. ಸಾಮಾಜಿಕ ಮನಃಶಾಸ್ತ್ರದ ಪಠ್ಯಗಳಲ್ಲೆಲ್ಲ ಮಿಲ್‌ಗ್ರಾಮ್ ಪ್ರಯೋಗದ ಪಾಠವಿರುತ್ತದೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ, ನೆನಪಿನ ಅಧ್ಯಯನವೆಂದು ಹೇಳಿ ಜನರನ್ನು ಕರೆತಂದು, ಪಕ್ಕದ ಕೋಣೆಯ ವ್ಯಕ್ತಿಗೆ ವಿದ್ಯುತ್ ಆಘಾತ ಕೊಡುವಂತೆ ಆಜ್ಞಾಪಿಸಲಾಯಿತು. ಆಘಾತ ನಿಜವಾದುದಾಗಿರಲಿಲ್ಲ. ಆದರೆ ಗುಂಡಿ ಒತ್ತಿದವರಿಗೆ ಅದು ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ವರದಿಯಂತೆ 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು. ಅಧಿಕಾರದ ಮುಂದೆ ಮನುಷ್ಯ ಎಷ್ಟು ವಿಧೇಯ ಎಂಬುದು ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ಬೆವರುತ್ತಾ, ನಡುಗುತ್ತಾ ಗುಂಡಿ ಒತ್ತಿದ ಆ ಸಾಮಾನ್ಯ ಜನರು ತಮ್ಮ ಬಗ್ಗೆ ತಿಳಿದ ಕಹಿ ಸತ್ಯವನ್ನು ಹೊತ್ತು ಮನೆಗೆ ಹೇಗೆ ಹೋದರು ಎಂಬುದು ಪ್ರಶ್ನೆಪತ್ರಿಕೆಯಲ್ಲಿ ಅಪರೂಪ. ನಮ್ಮ ವಿದ್ಯಾರ್ಥಿಯೂ ಅಂಕ ಎಂಬ ಅಧಿಕಾರದ ಆಜ್ಞೆಯಂತೆಯೇ ಅಜ್ಜಿಯ ಹಾಸಿಗೆಯ ಬಳಿ ನಿಂತಿರುತ್ತಾನೆ ಎಂಬುದನ್ನು ಹೇಳಿಕೊಡುವವರು ಬೇಕು.

ಇದಕ್ಕೆ ಪರಿಹಾರ ದೊಡ್ಡ ಖರ್ಚಿನದೇನಲ್ಲ. ಕೇಳುವ ಮೊದಲು ಯಾಕೆ ಕೇಳುತ್ತಿದ್ದೇವೆಂದು ಅವರ ಭಾಷೆಯಲ್ಲಿ ಹೇಳುವುದು. ಬೇಡವೆಂದರೆ ನಗುತ್ತಾ ಎದ್ದು ಬರುವುದು. ಹೆಸರು ಬರೆಯದಿರುವುದು, ಕೇಳಿದ್ದನ್ನು ಹಾಸ್ಟೆಲಿನಲ್ಲಿ ಹರಟದಿರುವುದು. ಮೂವತ್ತು ಜನ ಒಂದು ದಿನ ಹೋಗುವ ಬದಲು, ಮೂವರು ಹತ್ತು ವಾರ ಹೋಗಿ ಮೊದಲು ನೀರು ತಂದುಕೊಟ್ಟು, ಪತ್ರಿಕೆ ಓದಿ ಹೇಳಿ, ಆಮೇಲೆ ಮಾತಿಗೆ ಕೂರುವುದು.

ಯಾರ ಮನಸ್ಸು, ಯಾವ ಭಾಷೆ?

ನಮ್ಮ ಪಠ್ಯದಲ್ಲಿ ಮನಃಶಾಸ್ತ್ರದ ಹುಟ್ಟು 1879ರಲ್ಲಿ, ಲೈಪ್‌ಜಿಗ್‌ನಲ್ಲಿ ವುಂಟ್ ಸ್ಥಾಪಿಸಿದ ಪ್ರಯೋಗಾಲಯದಲ್ಲಿ. ಪ್ರಯೋಗದ ಶಾಸ್ತ್ರವಾಗಿ ಅದು ಸರಿಯೇ. ಆದರೆ ಮನಸ್ಸಿನ ಚಿಂತನೆ ಅದಕ್ಕೂ ಬಹಳ ಹಳೆಯದು. ಬೌದ್ಧರ ಅಭಿಧರ್ಮ ಚಿತ್ತದ ಸ್ಥಿತಿಗಳನ್ನು ಒಂದೊಂದಾಗಿ ವಿಂಗಡಿಸಿತು. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಬಲ್ಖ್ ನಗರದ ಅಬೂ ಝೈದ್ ಅಲ್ ಬಲ್ಖೀ, ದೇಹದ ಜೊತೆ ಮನಸ್ಸಿನ ಆರೋಗ್ಯವನ್ನೂ ಕುರಿತು ಗ್ರಂಥ ಬರೆದು, ಕಾರಣ ತಿಳಿದ ದುಃಖವನ್ನೂ ಕಾರಣ ತಿಳಿಯದ ದುಃಖವನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದ. ಇವೆಲ್ಲ ಹೆಮ್ಮೆಯ ಭಾಷಣಕ್ಕಲ್ಲ, ಓದಿನ ವಿಸ್ತಾರಕ್ಕೆ ಬೇಕು.

ವರ್ತಮಾನದ ಚಿತ್ರವೂ ಇಕ್ಕಟ್ಟಾಗಿಯೇ ಇದೆ. ಅಮೆರಿಕದ ಪ್ರಮುಖ ಮನಃಶಾಸ್ತ್ರ ಪತ್ರಿಕೆಗಳಲ್ಲಿ ಅಧ್ಯಯನಕ್ಕೆ ಒಳಗಾದವರ ಪೈಕಿ ಶೇ. 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಆ ದೇಶಗಳಲ್ಲಿ ಇರುವುದು ಜಗತ್ತಿನ ಶೇ. 12ರಷ್ಟು ಜನ ಎಂದು 2008ರಲ್ಲಿ ಪ್ರಕಟವಾದ ಒಂದು ಲೆಕ್ಕ ತೋರಿಸಿತು. ಅವರನ್ನು ನೋಡಿ ಬರೆದದ್ದನ್ನು ನಾವು 'ಮನುಷ್ಯನ ಮನಸ್ಸು' ಎಂದು ಓದುತ್ತೇವೆ. ರಾಯಚೂರಿನ ಅಥವಾ ಕುಂದಾಪುರದ ಹೆಣ್ಣುಮಗಳೊಬ್ಬಳು ತನ್ನ ಕಷ್ಟವನ್ನು ಪಠ್ಯದ ಪದದಲ್ಲಿ ಹೇಳುವುದಿಲ್ಲ. 'ಎದೆ ಭಾರ', 'ತಲೆಯೊಳಗೆ ಉರಿ', 'ಕೈಕಾಲಲ್ಲಿ ತ್ರಾಣವೇ ಇಲ್ಲ', 'ಯಾವುದರಲ್ಲೂ ಮನಸ್ಸಿಲ್ಲ' ಎನ್ನುತ್ತಾಳೆ. ಖಿನ್ನತೆಯ ಒಂಬತ್ತು ಲಕ್ಷಣಗಳನ್ನು ಇಂಗ್ಲಿಷಿನಲ್ಲಿ ಬರೆದು ಪ್ರಥಮ ದರ್ಜೆ ಪಡೆದವನಿಗೆ ಈ ಮಾತುಗಳ ಒಳಗಿರುವುದು ಕೇಳಿಸದೆ ಹೋದರೆ, ಅವನ ಪದವಿ ಪೂರ್ಣವೇ?

ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಬಾನುಲಿಯನ್ನು ಆರಂಭಿಸಿದವರು. ಮನಸ್ಸನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಿದ್ದ ವ್ಯಕ್ತಿ ಊರಿನ ಜನರ ಕಿವಿಗೆ ಅವರದೇ ಮಾತನ್ನು ತಲುಪಿಸಲು ಹೊರಟದ್ದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದ ಹತ್ತಾರು ಪುಸ್ತಕಗಳು ಸಾಮಾನ್ಯ ಓದುಗರ ಮನೆ ಸೇರಿವೆ. ದಾರಿ ಇಲ್ಲವೆಂದಲ್ಲ, ಪದವಿಯ ಪಟ್ಟಿ ಆ ದಾರಿಯನ್ನು ಕಡ್ಡಾಯ ಮಾಡಿಲ್ಲ ಅಷ್ಟೆ.

ಎರಡು ಬಾಗಿಲುಗಳು

ಈಗ ಕಠಿಣವಾದ ಪ್ರಶ್ನೆ. ಬಿ.ಎ. ಮುಗಿಸಿದವನು ಆಪ್ತಸಮಾಲೋಚಕನೆಂದು ಬೋರ್ಡು ಹಾಕಿಕೊಳ್ಳಬಹುದೇ? ಚಿಕಿತ್ಸಾ ಮನಃಶಾಸ್ತ್ರಜ್ಞನ ವಿಷಯದಲ್ಲಿ ಕಾನೂನು ಸ್ಪಷ್ಟ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯಿದೆಯಂತೆ ನೋಂದಣಿ ಇಲ್ಲದೆ ಆ ಕೆಲಸ ಮಾಡುವಂತಿಲ್ಲ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆಯು ಇತರ ಮನಃಶಾಸ್ತ್ರಜ್ಞರನ್ನೂ ತನ್ನ ಪಟ್ಟಿಗೆ ಸೇರಿಸಿತು. ಅದರ ಮುಂದುವರಿಕೆಯಾಗಿ 2025ರ ಜುಲೈ-ಆಗಸ್ಟ್ ಅವಧಿಯಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದ ಮೂಲಕ ಕಲಿಸುವಂತಿಲ್ಲ ಎಂದು ಅನುದಾನ ಆಯೋಗ ಹೇಳಿತು.

ಈ ಕೊನೆಯ ನಿರ್ಧಾರದ ಹಿಂದಿನ ಕಾಳಜಿ ನಮಗೆ ಅರ್ಥವಾಗುತ್ತದೆ. ಅಂಚೆಯಲ್ಲಿ ಬಂದ ಪುಸ್ತಕ ಓದಿ, ಒಬ್ಬ ರೋಗಿಯನ್ನೂ ಕಾಣದೆ, ಮುರಿದ ಮನಸ್ಸಿಗೆ ಕೈ ಹಾಕುವುದು ಅಪಾಯವೇ ಸರಿ. ಆದರೆ ದೂರಶಿಕ್ಷಣದಲ್ಲಿ ಮನಃಶಾಸ್ತ್ರ ಓದುತ್ತಿದ್ದವರೆಲ್ಲ ಕ್ಲಿನಿಕ್ ತೆರೆಯಲು ಓದುತ್ತಿದ್ದರೇ? ಮದುವೆಯಾಗಿ ಕಾಲೇಜು ಬಿಟ್ಟ ತಾಯಿ, ತಾಲೂಕಿನಲ್ಲಿ ಈ ವಿಷಯವೇ ಇಲ್ಲದ ಹುಡುಗಿ, ಮಕ್ಕಳನ್ನು ಅರಿಯಬೇಕೆಂದುಕೊಂಡ ಶಾಲಾ ಶಿಕ್ಷಕಿ, ಹಗಲು ದುಡಿದು ರಾತ್ರಿ ಓದುವ ಯುವಕ, ಇಂಥವರಿಗೂ ಆ ಬಾಗಿಲು ಮುಚ್ಚಿತು.

ಇಲ್ಲಿ ಎರಡು ಬಾಗಿಲುಗಳಿವೆ ಎಂಬುದನ್ನು ಗುರುತಿಸಬೇಕು. ಒಂದು ಅರಿವಿನ ಬಾಗಿಲು, ಇನ್ನೊಂದು ಚಿಕಿತ್ಸೆಯ ಬಾಗಿಲು. ಚಿಕಿತ್ಸೆಯ ಬಾಗಿಲಲ್ಲಿ ಎಷ್ಟು ಬಿಗಿಯಾದ ಕಾವಲಿದ್ದರೂ ಒಳ್ಳೆಯದೇ. ಏಕೆಂದರೆ ಅಲ್ಲಿ ಹಾನಿಯಾಗುವುದು ಓದಿದವನಿಗಲ್ಲ, ನಂಬಿ ಬಂದವನಿಗೆ. ಆದರೆ ಅರಿವಿನ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಪದವಿಯನ್ನು ಜನ ಲೈಸೆನ್ಸಿನಂತೆ ಬಳಸುತ್ತಾರೆಂದು ಪದವಿಯನ್ನೇ ಮುಚ್ಚುವುದಕ್ಕಿಂತ, ಪದವಿ ಬೇರೆ ಲೈಸೆನ್ಸ್ ಬೇರೆ ಎಂದು ಸಮಾಜಕ್ಕೆ ತಿಳಿಹೇಳುವುದು ನ್ಯಾಯ.

ನಮ್ಮ ಸಮಾಜದ ಅಗತ್ಯವೂ ಇದನ್ನೇ ಹೇಳುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಇಷ್ಟು ಜನರ ಬಾಗಿಲಿಗೆ ನೋಂದಾಯಿತ ತಜ್ಞ ಹೋಗಿ ನಿಲ್ಲುವ ದಿನ ಬೇಗ ಬರಲಾರದು. ಅಲ್ಲಿಯವರೆಗೆ ಮೊದಲ ಮಾತು ಕೇಳಿಸಿಕೊಳ್ಳುವವರು ಅಕ್ಕ, ನೆರೆಯವಳು, ಶಿಕ್ಷಕಿ, ಆಶಾ ಕಾರ್ಯಕರ್ತೆ, ಊರಿನ ಹಿರಿಯರು. ಇವರ ನಡುವೆ ಮನಃಶಾಸ್ತ್ರ ಓದಿದವರು ಹೆಚ್ಚಿದ್ದಷ್ಟೂ ಮಾಟ ಮಂತ್ರದ ಮಾತು ಕಡಿಮೆಯಾದೀತು, 'ಹುಚ್ಚು' ಎಂಬ ಹಣೆಪಟ್ಟಿ ಸಡಿಲವಾದೀತು.

ಆದರೆ ಅವರಿಗೊಂದು ಷರತ್ತಿದೆ, ಪಟ್ಟಿಯಲ್ಲಿ ಇಲ್ಲದ್ದು. ತಮ್ಮ ಅರಿವು ಎಲ್ಲಿ ಮುಗಿಯುತ್ತದೆ ಎಂಬ ಅರಿವು ಅವರಿಗಿರಬೇಕು. 'ನಿನ್ನ ಮಾತು ಕೇಳುತ್ತೇನೆ. ಆದರೆ ಇದು ನನ್ನ ಕೈ ಮೀರಿದ್ದು. ತಿಳಿದವರ ಬಳಿ ನಿನ್ನ ಜೊತೆ ನಾನೂ ಬರುತ್ತೇನೆ' ಎಂದು ಹೇಳಬಲ್ಲ ವಿನಯ ಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಒತ್ತಿಕೊಟ್ಟು ಪಕ್ಕದಲ್ಲಿ ಕೂರುವುದೂ ಒಂದು ಸೇವೆಯೇ. ಅರ್ಧ ಕಲಿತವನು ಅಪಾಯಕಾರಿಯಾಗುವುದು ಅರ್ಧ ಕಲಿತದ್ದರಿಂದಲ್ಲ, ಪೂರ್ತಿ ಕಲಿತೆನೆಂದು ಭಾವಿಸಿದ್ದರಿಂದ. ನಾಲ್ಕು ಲಕ್ಷಣ ಓದಿ ಅತ್ತೆಗೆ ಒಂದು ಕಾಯಿಲೆ, ಗಂಡನಿಗೆ ಇನ್ನೊಂದು ಕಾಯಿಲೆ ಹೆಸರಿಸುವ ಚಟ ಅರಿವಲ್ಲ, ಅಹಂಕಾರ.

ಹೀಗೆ ನೋಡಿದರೆ ಪದವಿಯ ಷರತ್ತುಗಳು ಅನಗತ್ಯವಲ್ಲ, ಅಪೂರ್ಣ. ಹಾಜರಾತಿ ಶಿಸ್ತನ್ನು ಕಲಿಸಲಿ, ಸಂಖ್ಯಾಶಾಸ್ತ್ರ ಪೂರ್ವಗ್ರಹವನ್ನು ಅಳೆಯಲು ಕಲಿಸಲಿ, ರೆಕಾರ್ಡ್ ಪುಸ್ತಕ ಕಂಡದ್ದನ್ನು ಕಂಡಂತೆ ಹೇಳುವ ಪ್ರಾಮಾಣಿಕತೆಯನ್ನು ಕಲಿಸಲಿ, ಕೇಸ್ ಸ್ಟಡಿ ಮತ್ತೊಬ್ಬರ ಗುಟ್ಟನ್ನು ಕಾಯುವುದನ್ನು ಕಲಿಸಲಿ. ಆಗ ಪ್ರತಿಯೊಂದು ಷರತ್ತಿಗೂ ಜೀವ ಬರುತ್ತದೆ. ವಿಶ್ವವಿದ್ಯಾಲಯಗಳು ಇದನ್ನು ಮಾಡಲಿ ಎಂದು ಕಾಯುತ್ತಾ ಕೂರಬೇಕಾಗಿಲ್ಲ. ಒಂದು ಕಾಲೇಜಿನ ಒಬ್ಬ ಅಧ್ಯಾಪಕಿ ಮನಸ್ಸು ಮಾಡಿದರೂ ಮುಂದಿನ ಸೆಮಿಸ್ಟರಿನಿಂದಲೇ ಆರಂಭಿಸಬಹುದು. ಈ ವರ್ಷ ಮನೆಯ ಮಗಳನ್ನೋ ಮಗನನ್ನೋ ಮನಃಶಾಸ್ತ್ರಕ್ಕೆ ಸೇರಿಸುವ ತಂದೆ ತಾಯಂದಿರು ಕೂಡ, ಇದರಿಂದ ಏನು ಕೆಲಸ ಸಿಗುತ್ತದೆ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಕೇಳಲಿ: ಯಾರ ಮಾತನ್ನು ನೀನು ಇಂದು ಪೂರ್ತಿಯಾಗಿ ಕೇಳಿಸಿಕೊಂಡೆ?